ಪಾಲ್ಪಾ ಹತ್ತಿದ ಕಾರ್ಕಳದ ಜೀಪು

ಕಾರ್ಕಳ

ನೇಪಾಳಕ್ಕೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಪಶುಪತಿನಾಥನ ಪ್ರಸಾದ ಎಲ್ಲಿ ಎಂದು. ಆಮೇಲೆ ಹಿಮಾಲಯ ಹೇಗಿತ್ತು ಎಂದು. ಎರಡಕ್ಕೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಾವು ಕಾಠ್ಮಂಡುವಿಗೆ ಹೋಗಲೇ ಇಲ್ಲ. ಹಿಮಾಲಯ ಒಂದು ಬೆಳಿಗ್ಗೆ ಚೆನ್ನಾಗಿ ಕಾಣಿಸಿತಂತೆ, ಆಗ ನಾನು ಜೀಪಿನ ಅಡಿಗೆ ಉರುಳಿದ ತೆಂಗಿನಕಾಯಿ ಹುಡುಕುತ್ತಿದ್ದೆ. ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದೇನು ಎಂದರೆ, ಒಬ್ಬ ಮುದುಕಿಯನ್ನು ನೋಡಿ ಬಂದೆ ಎನ್ನಬೇಕು.

ಇದು ಎಂಬತ್ತರ ದಶಕದ ಮಾತು. ನನ್ನ ಗಂಡ ವಾಸುದೇವ ಅವರಿಗೆ ಕಾರ್ಕಳದ ಹೊರಗೆ ಕಲ್ಲುಕೋರೆ, ಮನೆಯಲ್ಲಿ ಒಂದು ಹಳೆಯ ಜೀಪು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು ಅದೇ, ಆಮೇಲೆ ಕೋರೆಗೆ ಆಳುಗಳನ್ನೂ ಉಳಿ ಸುತ್ತಿಗೆಗಳನ್ನೂ ಹೊರುವುದು ಅದೇ, ಸಂಜೆ ಮೀನು ತರುವುದೂ ಅದೇ. ನಮ್ಮ ಕೇರಿಯ ಎಷ್ಟು ಹೆಂಗಸರಿಗೆ ನೋವು ಶುರುವಾದಾಗ ಆ ಜೀಪು ಮಣಿಪಾಲದ ಆಸ್ಪತ್ರೆಗೆ ಓಡಿದೆಯೋ ಲೆಕ್ಕ ಇಟ್ಟವರಿಲ್ಲ. ಒಬ್ಬಳೂ ದಾರಿಯಲ್ಲಿ ಹೆರಲಿಲ್ಲ ಎನ್ನುವುದು ಇವರ ಹೆಮ್ಮೆ. ಅದರಲ್ಲಿ ಹೆಂಗಸರ ಪಾಲೇನೂ ಇಲ್ಲವೆಂಬಂತೆ ಹೇಳಿಕೊಳ್ಳುತ್ತಿದ್ದರು.

ಇವರಿಗೆ ಒಬ್ಬಳೇ ತಂಗಿ, ಶಕುಂತಲೆ. ನಮಗೆಲ್ಲ ಶಕು. ಮಣಿಪಾಲದಲ್ಲಿ ನರ್ಸಿಂಗ್ ಕಲಿಯುವಾಗ ಅಲ್ಲೇ ಡಾಕ್ಟರಿಕೆ ಓದುತ್ತಿದ್ದ ನೇಪಾಳದ ಪ್ರಕಾಶನನ್ನು ಮೆಚ್ಚಿ ಮದುವೆಯಾಗಿ ಅವನ ಊರು ಪಾಲ್ಪಾಕ್ಕೆ ಹೋದಳು. ಅತ್ತೆಯವರು ಕೆಲವು ದಿನ ಮಾತು ಬಿಟ್ಟರು, ಆಮೇಲೆ ತಾವೇ ಅಳಿಯನಿಗೆ ಕೋಳಿ ಸುಕ್ಕ ಮಾಡಿ ಬಡಿಸಿದರು. ಅತ್ತೆ ತೀರಿಹೋದ ಮೇಲೆ ಶಕುವಿಗೆ ತವರು ಎಂದರೆ ಅಣ್ಣ ಮಾತ್ರ. ಅವಳು ಬಸುರಿ ಎಂಬ ಸುದ್ದಿ ಬಂದ ದಿನ ಇವರು ಕೋರೆಗೆ ಹೋಗಲಿಲ್ಲ.

ಅದಕ್ಕೆ ಕಾರಣ ಉಂಟು. ನಮ್ಮದು ಅಳಿಯಕಟ್ಟಿನವರ ಮನೆ. ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುವುದು. ನನ್ನ ಇಬ್ಬರು ಗಂಡುಮಕ್ಕಳು ಕಾಪುವಿನ ನನ್ನ ತವರಿನ ಬಳಿಯವರು. ಇವರ ಕುಟುಂಬದ ಮಟ್ಟಿಗೆ ಪ್ರೀತಿಯ ನೆಂಟರು, ಅಷ್ಟೆ. ಇವರ ಮನೆ ಮುಂದುವರಿಯಬೇಕಾದದ್ದು ತಂಗಿಯ ಹೊಟ್ಟೆಯಲ್ಲಿ. ಕಾನೂನು ಬದಲಾಗಿ ಕಾಲವಾಗಿದೆ, ಮನಸ್ಸಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಅದರ ಮೇಲೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಬಯಕೆಯ ಊಟ ಹಾಕಿ, ಹಸಿರು ಸೀರೆ ಉಡಿಸಿ, ತಂಗಿಯನ್ನು ಮನೆಗೆ ಕರೆತರುವುದು ಅಣ್ಣನಾದವನ ಹಕ್ಕು.

ರೈಲು, ಬಸ್ಸು ಹತ್ತಿಳಿದು ಅಷ್ಟು ದೂರ ಬರುವುದು ಈಗ ಶಕುವಿಗೆ ಬೇಡ ಎಂದು ಪ್ರಕಾಶ ಬರೆದಿದ್ದ. ಇವರು ಓದಿ ಮುಗಿಸಿ ಅಂಗಳದಲ್ಲಿದ್ದ ಜೀಪನ್ನು ನೋಡಿದರು. ಆ ನೋಟ ನನಗೆ ಗೊತ್ತು. ಕೋರೆಯಲ್ಲಿ ಯಾರೂ ಎತ್ತಲಾರದ ಕಲ್ಲು ಸಿಕ್ಕಾಗ ಹಾಗೆ ನೋಡುತ್ತಾರೆ.

ಉದ್ಯಾವರ

ಜೀಪಿನ ಕೆಲಸ ನಡೆದದ್ದು ಉದ್ಯಾವರದ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ. ಯಜಮಾನ ಲಾರೆನ್ಸ್ ಪೊರ್ಬು ಇವರ ಹಳೆಯ ಗೆಳೆಯ. ಹಿಂದಿನ ಎರಡು ಉದ್ದ ಸೀಟುಗಳ ನಡುವೆ ಬಿಜಾಗ್ರಿ ಹಾಕಿದ ಹಲಗೆ ಬಂತು. ಹಗಲು ಮಡಚಿದರೆ ಸೀಟು, ರಾತ್ರಿ ಬಿಡಿಸಿದರೆ ಮಂಚ. ಹಿಂದಿನ ಬಾಗಿಲನ್ನು ಕೆಳಗೆ ಇಳಿಸಿದರೆ ಸ್ಟವ್ ಇಡುವ ಕಟ್ಟೆ. ಪಾತ್ರೆಗಳು ಕುಣಿಯದ ಹಾಗೆ ಒಂದೊಂದಕ್ಕೂ ಗೂಡಿರುವ ಮರದ ಪೆಟ್ಟಿಗೆ. ನೆತ್ತಿಯ ಮೇಲೆ ಪೈಪಿನ ಕ್ಯಾರಿಯರ್, ಅದರಿಂದ ಪಕ್ಕಕ್ಕೆ ಇಳಿಬಿಟ್ಟು ಎರಡು ಬಿದಿರು ಊರಿದರೆ ಟಾರ್ಪಾಲಿನ ಚಪ್ಪರ. ನನ್ನ ಅಡಿಗೆಮನೆಯಲ್ಲಿ ಒಂದು ಕಪಾಟು ಬೇಕೆಂದು ನಾನು ಎಷ್ಟು ವರ್ಷಗಳಿಂದ ಕೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಎಲ್ಲವೂ ಸರಿ, ಒಂದು ಮಾತ್ರ ಲಾರೆನ್ಸ್ ಪೊರ್ಬುವಿಗೆ ಸರಿಬರಲಿಲ್ಲ. ಬೆಟ್ಟದ ದಾರಿಗೆ ಹೋಗುವ ಗಾಡಿಯ ಸ್ಪ್ರಿಂಗಿಗೆ ಎಲ್ಲರೂ ಪ್ಲೇಟು ಸೇರಿಸುತ್ತಾರೆ. ಇವರು ಹಿಂದಿನ ಸ್ಪ್ರಿಂಗುಗಳಿಂದ ಒಂದೊಂದು ಪ್ಲೇಟು ತೆಗೆಸಿದರು. ಗಾಡಿ ಮೆತ್ತಗಾದರೆ ಕಲ್ಲಿಗೆ ಅಡಿ ಬಡಿಯುತ್ತದೆ ಮಾರಾಯ ಎಂದು ಪೊರ್ಬು ಎಷ್ಟು ಹೇಳಿದರೂ ಇವರು ಕೇಳಲಿಲ್ಲ. ಮೆತ್ತಗಾಗಬೇಕಾದದ್ದು ಯಾರಿಗಾಗಿ ಎಂದು ನನಗೆ ಆಗ ತಿಳಿಯಿತು. ನನ್ನ ಹತ್ತಿರ ಹೇಳಿದ್ದು, ಬಯಕೆಯ ಊಟ ಹಾಕಿ, ತಂಗಿಯ ಮುಖ ನೋಡಿ ಬರುವ ಎಂದು ಮಾತ್ರ.

"ಬರುವಾಗ ಮೂರು ಜನ, ಅಲ್ವಾ?" ಎಂದೆ.

"ಮೂರೂವರೆ" ಎಂದರು.

ಡಾಕ್ಟರೇ ಬೇಡ ಎಂದಿದ್ದಾರಲ್ಲ ಎಂದರೆ, ಅವನು ಬೇಡ ಎಂದದ್ದು ಬಸ್ಸು, ರೈಲು, ಇದು ಬಸ್ಸಾ ಎಂದು ನನ್ನನ್ನೇ ಕೇಳಿದರು. ಇದು ಹುಚ್ಚು ಎಂದು ನನಗೆ ಗೊತ್ತಿತ್ತು. ಆದರೆ ಆ ಮಂಚದ ಮೇಲೆ ತಾವೇ ಮಲಗಿ, ಲಾರೆನ್ಸ್ ಪೊರ್ಬುವಿನಿಂದ ಜೀಪನ್ನು ಕುಲುಕಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಕುಲುಕು ಎಷ್ಟು ತಾಗುತ್ತದೆ ಎಂದು ನೋಡುತ್ತಿದ್ದ ಗಂಡಸಿಗೆ ನಾನೇನು ಹೇಳಲಿ. ಮನೆಗೆ ಬಂದು ನನ್ನ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಹರಿದು, ಮಗುವಿನ ಬಟ್ಟೆ ಮಡಚತೊಡಗಿದೆ.

ಬಜಗೋಳಿ, ಕಾಪು

ಪರೀಕ್ಷೆಗೆಂದು ಒಂದು ಶನಿವಾರ ಬಜಗೋಳಿಯಿಂದ ಮೇಲೆ ಕುದುರೆಮುಖದ ದಾರಿ ಹಿಡಿದೆವು. ಮಕ್ಕಳೂ ಇದ್ದರು. ಕಾಡಿನ ಕಚ್ಚಾ ರಸ್ತೆಯಲ್ಲಿ ನಾಲ್ಕೂ ಚಕ್ರಗಳ ಗೇರು ಹಾಕಿ ಒಂದು ಹಳ್ಳ ದಾಟಿದೆವು, ಆಚೆ ದಡದಲ್ಲಿ ಗಂಜಿ ಬೇಯಿಸಿ ಉಂಡೆವು. ಮಳೆಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಲಗಿದ ಮೇಲೆ ಸುರಿದ ಮಳೆ ಟಾರ್ಪಾಲಿನ ಹೊಲಿಗೆಗಳಿಂದ ನೇರ ದಿಂಬಿಗೇ ಇಳಿಯಿತು.

ಒದ್ದೆ ಹಾಸಿಗೆ ಒಣಗಿಸಲು ಕಾಪುವಿಗೆ ಹೋದಾಗ ನನ್ನ ಸೋದರಮಾವ ದೂಮಣ್ಣ ಅದಕ್ಕೆ ಪರಿಹಾರ ಹೇಳಿದರು. ಅವರದು ದೋಣಿ. ದೋಣಿಯ ಮರಕ್ಕೆ ನೀರು ಹಿಡಿಯದ ಹಾಗೆ ಮತ್ತಿ ಮೀನಿನ ಎಣ್ಣೆ ಬಳಿಯುತ್ತಾರೆ. ಸಮುದ್ರವನ್ನೇ ತಡೆಯುವ ಎಣ್ಣೆ ಮಳೆಯನ್ನು ತಡೆಯದೇ ಎಂದು ಮಾವ ಕೇಳಿದರು. ಇವರಿಗೂ ಹೌದೆನಿಸಿತು. ಟಾರ್ಪಾಲಿಗೆ ಎರಡು ಸಲ ದಪ್ಪಗೆ ಬಳಿದು ದೀಪಸ್ತಂಭದ ಹತ್ತಿರ ಮರಳಿನಲ್ಲಿ ಒಣಗಲು ಹಾಕಿದರು. ವಾಸನೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಕಾಪುವಿನಲ್ಲಿ ಅದು ವಾಸನೆಯೇ ಅಲ್ಲ.

ಗೋರಖಪುರ, ಸುನೌಲಿ

ಮಕ್ಕಳನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಹೊರಟೆವು. ದಾರಿಯುದ್ದಕ್ಕೂ ಏನೇನು ನೋಡಿದೆವು ಎಂದು ಹೇಳುವುದಿಲ್ಲ, ಬಯಲಿನ ನಂತರ ಬಯಲು. ಬಿಸಿಲು ಏರಿದ ಹಾಗೆ ಟಾರ್ಪಾಲು ತನ್ನ ಪರಿಚಯ ಹೇಳತೊಡಗಿತು. ಪೆಟ್ರೋಲು ಬಂಕಿನವರು ಮೂಗು ಮುಚ್ಚಿಕೊಂಡು ಎಣ್ಣೆ ಹಾಕಿದರು. ಒಂದು ಢಾಬಾದಲ್ಲಿ ನಮ್ಮ ಕೆಂಪು ಕುಚ್ಚಲಕ್ಕಿಯನ್ನು ನೋಡಿ, ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ಮರುಕದಿಂದ ವಿಚಾರಿಸಿದರು. ಗೋರಖಪುರದ ಹೊರಗೆ ಮಾವಿನ ತೋಪಿನಲ್ಲಿ ತಂಗಿದಾಗ ಆ ಊರಿನ ನಾಯಿಗಳೆಲ್ಲ ಬಂದು ಜೀಪಿನ ಸುತ್ತ ಕುಳಿತವು. ಬೊಗಳಲಿಲ್ಲ, ಕಚ್ಚಲಿಲ್ಲ, ಸುಮ್ಮನೆ ಭಕ್ತಿಯಿಂದ ಮೇಲೆ ನೋಡುತ್ತ ಕುಳಿತವು. ಇವರು ಕೆಳಗಿಳಿಯಲಾರದೆ ಒಳಗಿನಿಂದಲೇ ತುಳುವಿನಲ್ಲಿ ಬೈದರು. ಅವಕ್ಕೆ ತುಳು ಬರುತ್ತಿರಲಿಲ್ಲ.

ಸುನೌಲಿಯ ಗಡಿಯಲ್ಲಿ ಅಧಿಕಾರಿಯೊಬ್ಬ ಜೀಪಿನ ಹಿಂದೆ ಇಣುಕಿ, ಮಂಚ, ಹಸಿರು ಸೀರೆ, ಹಸಿರು ಬಳೆ, ತೆಂಗಿನಕಾಯಿ ಎಲ್ಲ ನೋಡಿ ಮದುವೆಯೇ ಎಂದು ಕೇಳಿದ. ತಂಗಿ ಬಸುರಿ ಎಂದು ಇವರು ಹೇಳಿದರು. ಅವನು ಮತ್ತೇನೂ ಕೇಳದೆ ಕಾಗದಕ್ಕೆ ಮುದ್ರೆ ಒತ್ತಿ, ತನ್ನ ಕೈಯಾರೆ ಅಡ್ಡಗಂಬ ಎತ್ತಿದ. ನಮ್ಮೂರಿನ ಯಾವ ಕಚೇರಿಯಲ್ಲೂ ನನಗೆ ಅಷ್ಟು ಬೇಗ ಕೆಲಸ ಆದದ್ದಿಲ್ಲ.

ಪಾಲ್ಪಾ

ಬೆಟ್ಟ ಹತ್ತುವಾಗ ಲಾರೆನ್ಸ್ ಪೊರ್ಬುವಿನ ಮಾತು ನಿಜವಾಯಿತು. ಪಾಲ್ಪಾದ ಪೇಟೆ ದಾಟಿ ಮಣ್ಣಿನ ದಾರಿಗೆ ಇಳಿದ ಮೇಲೆ ಜೀಪಿನ ಅಡಿ ಕಲ್ಲಿಗೆ ತಾಗಿ ತಾಗಿ ಎದ್ದಿತು. ಇವರು ಪ್ರತಿ ಸಲವೂ ಹಲ್ಲು ಕಚ್ಚಿ, ಬರುವಾಗ ಮೆಲ್ಲ ಬಂದರೆ ಆಯಿತು ಎನ್ನುತ್ತಿದ್ದರು. ದಾರಿಯಲ್ಲಿ ಹೆಂಗಸರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹುಲ್ಲು ಹೊತ್ತು ನಡೆಯುತ್ತಿದ್ದರು. ನಮ್ಮಲ್ಲಿ ಭಾರವೆಲ್ಲ ನೆತ್ತಿಗೆ, ಅವರಲ್ಲಿ ಹಣೆಗೆ. ಎರಡೂ ಕಡೆ ಹೊರುವವರು ಹೆಂಗಸರೇ.

ಕೆಮ್ಮಣ್ಣು ಬಳಿದ ಮನೆ, ಅದಕ್ಕೆ ಹತ್ತುವ ಕಲ್ಲಿನ ಮೆಟ್ಟಿಲು. ಮೇಲೆ ಶಕು ನಿಂತಿದ್ದಳು. ಮುಖ ತುಂಬಿಕೊಂಡಿತ್ತು, ಹೊಟ್ಟೆ ಮುಂದಿತ್ತು. ಓಡಿ ಇಳಿಯಹೋದವಳ ಮೊಣಕೈಯನ್ನು ಪಕ್ಕದಲ್ಲಿದ್ದ ಬಿಳಿ ಬಟ್ಟೆಯ ಮುದುಕಿ ಹಿಡಿದುಕೊಂಡರು. ಅವರು ಪ್ರಕಾಶನ ತಾಯಿ, ವಿಧವೆ. ಎಲ್ಲರೂ ಅವರನ್ನು ಆಮಾ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದರು. ಅಣ್ಣ ತಂಗಿ ಇಬ್ಬರೂ ಬಾಯಿಗೆ ಬಂದ ಹಾಗೆ ತುಳುವಿನಲ್ಲಿ ಮಾತಾಡಿ, ನಕ್ಕು, ಮೂಗು ಒರೆಸಿಕೊಂಡರು. ಆಮಾ ಮೊದಲು ಕೇಳಿದ್ದು ಊಟ ಆಯಿತೇ ಎಂದು. ಅಲ್ಲಿ ಯಾರನ್ನು ಕಂಡರೂ ಮೊದಲು ಹಾಗೆಯೇ ಕೇಳುತ್ತಾರಂತೆ. ನನಗೆ ಊರಲ್ಲೇ ಇದ್ದ ಹಾಗಾಯಿತು. ಎರಡನೆಯ ಮಾತು, ಆ ಗಾಡಿಯನ್ನು ಸ್ವಲ್ಪ ದೂರ, ಕೆಳಗೆ ಎಮ್ಮೆಯ ಕೊಟ್ಟಿಗೆಯ ಆಚೆ ನಿಲ್ಲಿಸಿ ಎಂದು.

ನಾನು ಸಾಮಾನು ಇಳಿಸುವಾಗ ಆಮಾ ನಿಧಾನಕ್ಕೆ ಇಳಿದು ಬಂದು ಜೀಪಿನೊಳಗೆ ನೋಡಿದರು. ಒಬ್ಬರಿಗೆಂದು ಮಾಡಿದ ಹಾಸಿಗೆ, ಪಕ್ಕದಲ್ಲಿ ಎರಡು ಒರಗು ದಿಂಬು, ಮಡಚಿಟ್ಟ ಮಗುವಿನ ಬಟ್ಟೆ. ಇಷ್ಟು ದೂರ ಯಾಕೆ ಬಂದಿರಿ ಎಂದು ಇವರನ್ನು ಕೇಳಿದರು. ನೇಪಾಳಿಗೂ ಹಿಂದಿಗೂ ಅಷ್ಟೇನು ದೂರವಿಲ್ಲ, ಪ್ರಶ್ನೆ ಅರ್ಥವಾಯಿತು. ಇವರು ಎದೆಯ ಮೇಲೆ ಕೈಯಿಟ್ಟು ತಮ್ಮ ಕಾರ್ಕಳದ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು:

"ಈ ಮಗು ನಮ್ಮ ಮನೆಯದು, ಅಮ್ಮ. ನಮ್ಮಲ್ಲಿ ತಂಗಿಯ ಮಗುವೇ ಮನೆಯ ಮಗು."

ಕಾರ್ಕಳದಲ್ಲಾದರೆ ಯಾವ ಅತ್ತೆಯೂ ಇದಕ್ಕೆ ತಲೆಯಾಡಿಸಿ, ಹೌದಲ್ಲ, ಸೋದರಮಾವನಲ್ಲವೇ ಎನ್ನುತ್ತಿದ್ದಳು. ಆಮಾ ಮಾತ್ರ ಇನ್ನೊಮ್ಮೆ ಆ ಹಾಸಿಗೆಯನ್ನು ನೋಡಿ, ಶಾಲು ಬಿಗಿಯಾಗಿ ಹೊದ್ದುಕೊಂಡು ಮೆಟ್ಟಿಲು ಹತ್ತಿದರು.

ಸಂಜೆ ಆಸ್ಪತ್ರೆಯಿಂದ ಪ್ರಕಾಶ ಬಂದ. ತಾಯಿ ಅವನನ್ನು ಒಳಗೆ ಕರೆದು, ತಂಗಿಯ ಮಗು ಅಣ್ಣನ ಮನೆಗೆ ಸೇರುವ ಕ್ರಮ ಇವರಲ್ಲಿ ಉಂಟೇ ಎಂದು ಕೇಳಿದರಂತೆ. ಪಾಪ, ಅವನು ಓದುವಷ್ಟು ವರ್ಷವೂ ಮಣಿಪಾಲದಲ್ಲಿದ್ದವನು. ಇಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಆಮಾ ಒಂದು ಮೊರ ಸಾಸಿವೆ ಸೊಪ್ಪು ಹಿಡಿದು ಮೆಟ್ಟಿಲಿನ ತಲೆಯಲ್ಲಿ ಕುಳಿತರು. ಸೊಪ್ಪು ಬಿಡಿಸಿ ಮುಗಿಯಿತು, ಅವರು ಏಳಲಿಲ್ಲ. ಶಕು ಕೆಳಗಿಳಿಯಬೇಕೆಂದರೆ ಅವರನ್ನು ದಾಟಿಯೇ ಹೋಗಬೇಕು. ಬೈಗುಳವಿಲ್ಲ, ಬಿರುಮಾತಿಲ್ಲ. ಅಲ್ಲಿ ಬೆಳಿಗ್ಗೆ ಹತ್ತಕ್ಕೇ ಊಟ. ನಮಗೆ ಬಿಸಿ ಅನ್ನ, ಅದರ ಮೇಲೆ ಧಾರಾಳ ತುಪ್ಪ. ನಮ್ಮ ಕಡೆ ಮನಸ್ತಾಪವಾದರೆ ಮೊದಲು ಬಡಿಸುವ ಕೈ ಸಣ್ಣದಾಗುತ್ತದೆ. ಅವರ ಕೈ ಸಣ್ಣದಾಗಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಕಷ್ಟವಾಯಿತು.

ಶಕು ಅಣ್ಣನನ್ನು ಜಗಲಿಯ ಮೂಲೆಗೆ ಕರೆದಳು. ನಾನೂ ಇದ್ದೆ.

"ಅಣ್ಣ, ನನಗೆ ಅಷ್ಟು ದೂರ ಬರಲಿಕ್ಕೆ ಆಗುದಿಲ್ಲ. ನೀನು ಯಾಕೆ ಬಂದದ್ದು ಅಂತ ಜೀಪು ನೋಡುವಾಗಲೇ ಗೊತ್ತಾಯಿತು."

"ಒಳ್ಳೆ ಮೆತ್ತಗೆ ಮಾಡಿಸಿದ್ದೇನೆ. ಒಂದು ಸಲ ಮಲಗಿ ನೋಡು."

"ನಾನು ನರ್ಸ್ ಅಲ್ವಾ. ಮೆತ್ತಗೆ ಆದರೂ ದೂರ ದೂರವೇ." ಕೆಳಗಿನ ಜೀಪಿನ ಕಡೆ ನೋಡಿ ಮತ್ತೆ ಹೇಳಿದಳು. "ಬಯಕೆಯ ಊಟ ಮಾತ್ರ ತವರಲ್ಲಿ ಕೂತು ಉಣ್ಣಬೇಕು ಅಂತ ಆಸೆ ಉಂಟು. ಆ ಜೀಪಿನಲ್ಲೇ ಉಣ್ಣುತ್ತೇನೆ. ಆದರೆ ನೀನು ನನ್ನನ್ನು ಕರಕೊಂಡು ಹೋಗುತ್ತೀ ಅಂತ ಆಮಾ ಹೆದರಿದ್ದಾರೆ. ಅವರಿಗೆ ಹಗಲಿಡೀ ಮಾತಾಡಲಿಕ್ಕೆ ಇರುವುದು ನಾನು ಒಬ್ಬಳೇ."

ಇವರು ಎದ್ದು, ಆಮಾ ಕುಳಿತಿದ್ದ ಮೆಟ್ಟಿಲಿನ ಬದಿಯಿಂದಲೇ ಇಳಿದು ಹೋದರು. ಜೀಪಿನ ಬಾನೆಟ್ ಎತ್ತಿದ್ದು ಕಂಡಿತು. ಕೋಪದಲ್ಲಿ ಹೊರಟೇಬಿಡುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತಿಗೆ ಮೇಲೆ ಬಂದು ಆಮಾ ಎದುರು ಕುಕ್ಕರಗಾಲಲ್ಲಿ ಕುಳಿತು, ಅವರ ಕೈ ಹಿಡಿದು ಬಿಡಿಸಿ, ಅಂಗೈ ಮೇಲೆ ಒಂದು ಸಣ್ಣ ವಸ್ತು ಇಟ್ಟರು. ಎಂಜಿನ್ನಿಗೆ ಬೆಂಕಿ ಹಂಚುವ ರೋಟರ್ ಅದು, ಅಡಿಕೆಗಿಂತ ತುಸು ದೊಡ್ಡದು.

"ಇದು ಇಲ್ಲದಿದ್ದರೆ ಜೀಪು ಒಂದು ಅಡಿ ಮುಂದೆ ಹೋಗುದಿಲ್ಲ ಅಂತ ಹೇಳು" ಎಂದು ಶಕುವಿಗೆ ಹೇಳಿದರು. "ನಾವು ಹೊರಡುವ ತನಕ ಅಮ್ಮನ ಹತ್ತಿರವೇ ಇರಲಿ."

ಶಕು ಹೇಳಿದಳು. ಆಮಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡರು. ಆಮೇಲೆ ಎದ್ದು ದಾರಿ ಬಿಟ್ಟರು. ಆ ಹೊತ್ತು ನನ್ನ ಗಂಡನ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಬಯಕೆಯ ಊಟ. ಕಟ್ಟೆಯ ಮೇಲೆ ಸ್ಟವ್ ಹೊತ್ತಿಸಿ ಅಡಿಗೆ ಶುರು ಮಾಡಿದೆ. ತೆಂಗಿನಕಾಯಿಗಳು ಇಳಿಜಾರಿನಲ್ಲಿ ಉರುಳಿದ್ದು ಆಗಲೇ. ಶಕು ಹಸಿರು ಸೀರೆ ಉಟ್ಟು ಜೀಪಿಗೆ ಹತ್ತಿ, ಮೂಗೆತ್ತಿ ಒಮ್ಮೆ ಉಸಿರೆಳೆದು, ಕಾಪುವಿನ ದೋಣಿ ಎಂದು ಕೂಗಿ ನಗತೊಡಗಿದಳು. ನಗು ಯಾವಾಗ ಅಳುವಾಯಿತು ಎಂದು ಅವಳಿಗೂ ತಿಳಿಯಲಿಲ್ಲ. ಆಮಾ ಮೂಗಿಗೆ ಶಾಲು ಹಿಡಿದೇ ಪಕ್ಕದಲ್ಲಿ ಬಂದು ಕುಳಿತರು. ನಾನು ಅವರಿಗೂ ಎಲೆ ಹಾಕಿದೆ. ಉಂಡಾದ ಮೇಲೆ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ, ಎಷ್ಟು ಮೆತ್ತಗಿದೆ ಎಂದು ಸೊಸೆಗೆ ಹೇಳಿದರಂತೆ. ಇವರು ಹೊರಗೆ ನಿಂತು ಅದನ್ನು ಕೇಳಿಸಿಕೊಂಡರು. ಪರೀಕ್ಷೆಯಲ್ಲಿ ಪಾಸಾದ ಮುಖ ಮಾಡಿದರು, ಆದರೆ ಕಣ್ಣು ಬೇರೆ ಕಡೆ ಇತ್ತು.

ನದಿಯ ದಡ

ನಾವು ಹೊರಡಬೇಕೆಂದಿದ್ದುದರ ಹಿಂದಿನ ದಿನ ಆಮಾ ತಾವಾಗಿಯೇ ರೋಟರ್ ತೆಗೆದು ಇವರ ಕೈಗೆ ಕೊಟ್ಟರು. ಕೊಟ್ಟು ಹೋಗದೆ ಅಲ್ಲೇ ನಿಂತರು. ಏನೋ ಕೇಳಬೇಕು, ಕೇಳಲು ನಾಚಿಕೆ. ಕೊನೆಗೆ ಶಕುವಿನ ಮೂಲಕ ಕೇಳಿದರು. ಅವರ ತವರು ಕೆಳಗೆ ಗಂಡಕಿ ನದಿಯ ದಡದಲ್ಲಿ. ಈಗ ಅಲ್ಲಿಗೆ ಮಣ್ಣಿನ ರಸ್ತೆ ಕಡಿದಿದ್ದಾರೆ, ಬಸ್ಸಿಲ್ಲ. ಆಮಾ ಅವರ ಮೊಣಕಾಲಿಗೆ ಬೆಟ್ಟ ಇಳಿಯುವ ಶಕ್ತಿಯಿಲ್ಲ, ಅಲ್ಲಿರುವ ಅವರ ಅಣ್ಣನಿಗೆ ಹತ್ತುವ ಶಕ್ತಿಯಿಲ್ಲ. ಅಲ್ಲಿ ದೀಪಾವಳಿಯಲ್ಲಿ ತಂಗಿಯರು ಅಣ್ಣಂದಿರ ಹಣೆಗೆ ತಿಲಕ ಇಟ್ಟು ಬಾಡದ ಹೂವಿನ ಮಾಲೆ ಹಾಕುತ್ತಾರೆ. ಆಮಾ ಪ್ರತಿ ವರ್ಷ ಮಾಲೆ ಕಟ್ಟುವುದು, ಬಾಗಿಲಿಗೆ ತೂಗುಹಾಕುವುದು, ಅಷ್ಟೇ ಆಗಿತ್ತು. ಈ ವರ್ಷದ ಮಾಲೆಯೂ ಬಾಗಿಲಲ್ಲೇ ಇತ್ತು.

ಪ್ರಕಾಶ ರಸ್ತೆಯನ್ನು ಬಲ್ಲವನು. ನಿಧಾನಕ್ಕೆ ಹೋದರೆ ಶಕುವೂ ಬರಬಹುದು ಎಂದ. ಸೊಸೆಯನ್ನು ಒಬ್ಬಳನ್ನೇ ಬಿಟ್ಟು ಹೋಗಲು ಆಮಾ ಒಪ್ಪಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಆ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕುಳಿತರು. ಇವರು ಜೀಪು ಓಡಿಸಿದ್ದು ನಾನು ಆವರೆಗೆ ನೋಡದ ರೀತಿಯಲ್ಲಿ. ತುಂಬಿದ ಕೊಡ ಹೊತ್ತವರ ಹಾಗೆ, ಒಂದೊಂದು ಕಲ್ಲಿಗೂ ಮುಂಚೆಯೇ ಬ್ರೇಕು ಒತ್ತಿ ಇಳಿಸಿದರು.

ನದಿಯ ಬದಿಯ ಆ ಮನೆಯ ಎದುರು ಜೀಪು ನಿಂತಿತು. ನಾನು ಇಳಿದು ಕೈ ಚಾಚಿದೆ. ಆಮಾ ಇಳಿಯಲಿಲ್ಲ. ಅಣ್ಣ ಬಂದು ಕರೆಯಲಿ ಎಂದರಂತೆ. ಒಳಗಿನಿಂದ ಒಬ್ಬ ಮುದುಕ ಕೋಲೂರಿ ಬಂದ. ಕಣ್ಣು ಅಷ್ಟಾಗಿ ಕಾಣದು. ಜೀಪಿನ ಮೈಯನ್ನು ತಡವುತ್ತ ಹಿಂದಿನ ಬಾಗಿಲಿಗೆ ಬಂದು ಮುಖವೆತ್ತಿ ಕೇಳಿದ.

"ಕಾಂಛಿ?"

ಕಾಂಛಿ ಎಂದರೆ ಕಿರಿಯವಳು. ಮನೆಯ ಸಣ್ಣ ಹುಡುಗಿಯನ್ನು ಕರೆಯುವ ಹೆಸರು. ನಮ್ಮನ್ನೆಲ್ಲ ಎರಡು ದಿನ ನಡುಗಿಸಿದ ಆ ಹೆಂಗಸು ಸಣ್ಣ ದನಿಯಲ್ಲಿ ಓಗೊಟ್ಟು, ಅಣ್ಣನ ಕೈ ಹಿಡಿದು ಇಳಿದರು. ಅಲ್ಲೇ ನಿಂತು ಅವನ ಕೊರಳಿಗೆ ಮಾಲೆ ಹಾಕಿದರು.

ಶಕು ಇನ್ನೂ ಜೀಪಿನಲ್ಲೇ ಇದ್ದಳು.

"ಅಣ್ಣ" ಎಂದಳು. "ಈ ಜೀಪು ಬಂದಲ್ಲಿಂದ ನಾನು ತವರಲ್ಲೇ ಇದ್ದೆ. ಈಗ ನನ್ನನ್ನು ಕಳಿಸಿಕೊಡು."

ನಮ್ಮಲ್ಲಿ ತವರಿನಿಂದ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಅಣ್ಣ ಕೈ ಹಿಡಿದು ಒಪ್ಪಿಸಬೇಕು. ಇವರು ತಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಆಮಾ ಎದುರು ಕರೆದುಕೊಂಡು ಹೋಗಿ, ಅವಳ ಕೈಯನ್ನು ಅವರ ಕೈಯಲ್ಲಿಟ್ಟರು.

"ಮಗು ನಿಮ್ಮ ಮನೆಯದೇ, ಅಮ್ಮ" ಎಂದರು.

ಆ ಮಾತು ಅವರ ಬಾಯಿಂದ ಹೊರಡಲು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೆ ಗೊತ್ತು. ಆಮಾ ಸೊಸೆಯ ಕೈ ಬಿಡದೆ ಬಹಳ ಹೊತ್ತು ಏನೋ ಹೇಳಿದರು. ಶಕು ಕಣ್ಣೊರೆಸಿಕೊಂಡು ನಮಗೆ ಹೇಳಿದಳು.

"ಪ್ರಕಾಶನಿಗೆ ಮೊದಲ ಅನ್ನ ಉಣಿಸುವಾಗ ಇವರ ಅಣ್ಣನಿಗೆ ಬರಲಿಕ್ಕೆ ದಾರಿ ಇರಲಿಲ್ಲವಂತೆ. ಅದು ಇವರಿಗೆ ಇಂದಿಗೂ ಬೇಸರವಂತೆ. ಈ ಮಗುವಿಗೆ ಮಾವ ಬಂದೇ ಅನ್ನ ಉಣಿಸಬೇಕಂತೆ. ನೀನು ಬರುವ ತನಕ ಯಾರೂ ಉಣಿಸುವುದಿಲ್ಲವಂತೆ, ಅಣ್ಣ."

ಇವರು ಅಲ್ಲೇ ಕಲ್ಲಿನ ಮೇಲೆ ಕುಳಿತು ಎಲ್ಲರೆದುರು ಅತ್ತುಬಿಟ್ಟರು. ನಾನು ಹೋಗುವ ಮೊದಲೇ ಆ ಮುದುಕ ಕೋಲೂರಿಕೊಂಡು ಅತ್ತ ನಡೆದ. ಯಾರು, ಯಾಕೆ ಎಂದು ಕೇಳದೆ, ಪಕ್ಕದಲ್ಲಿ ಕುಳಿತು ಇವರ ಬೆನ್ನು ಸವರತೊಡಗಿದ.